ನಾಲಿಗೆ ಮೇಲೆ ಕರೆಂಟು: ಸ್ಟ್ರೋಕ್ ಆದೋರಿಗೆ ಸೇಫಾ?

ಪ್ರಶ್ನೆ: ಮೇಡಂ ನಮಸ್ಕಾರ. ನಮ್ಮ ತಂದೆಯವ್ರಿಗೆ 64 ವರ್ಷ, ಯುಗಾದಿ ಆಗಿ ಒಂದು ವಾರಕ್ಕೆ ಬಲಗಡೆ ಲಕ್ವ ಹೊಡೀತು. ಈಗ ಎಂಟು ತಿಂಗಳಾಯ್ತು, ಕೋಲು ಹಿಡ್ಕೊಂಡು ಮನೆ ಒಳಗೆ ಓಡಾಡ್ತಾರೆ, ಬಲಗಾಲು ಎಳೀತಾರೆ, ತಿರುಗೋವಾಗ ವಾಲ್ತಾರೆ, ಮಾತು ಅರ್ಧಂಬರ್ಧ ಬರತ್ತೆ. ಕೆನಡಾದಲ್ಲಿರೋ ನಮ್ಮ ಭಾವ ಒಂದು ವಿಡಿಯೋ ಕಳಿಸಿದಾರೆ, ನಾಲಿಗೆ ಮೇಲೆ ಇಟ್ಕೊಂಡು ಕರೆಂಟ್ ಕೊಡೋ ಮೆಷಿನ್ನು, ಅದನ್ನ ಬಾಯಲ್ಲಿ ಇಟ್ಕೊಂಡು ವ್ಯಾಯಾಮ ಮಾಡಿದ್ರೆ ನಡಿಗೆ ಸುಧಾರಿಸುತ್ತಂತೆ, ಅಲ್ಲಿ ಸರ್ಕಾರನೇ ಒಪ್ಪಿದೆಯಂತೆ, ಬರೋವಾಗ ತರ್ಲಾ ಅಂತ ಕೇಳ್ತಿದಾರೆ. ಅಮ್ಮ ಮಾತ್ರ ಬಾಯಿಗೆ ಕರೆಂಟಾ, ನಾನಿರೋವರ್ಗೂ ಆಗಲ್ಲ ಅಂತ ಕೂತಿದಾರೆ. ಅಪ್ಪನಿಗೆ ಬಿಪಿ ಇದೆ, ರಕ್ತ ತೆಳು ಮಾಡೋ ಮಾತ್ರೆ ತಗೋತಾರೆ, ಆಸ್ಪತ್ರೆಯಿಂದ ಬಂದ್ಮೇಲೆ ಎರಡು ಸಲ ಫಿಟ್ಸ್ ಬಂದು ಈಗ ಅದಕ್ಕೂ ಮಾತ್ರೆ ನಡೀತಿದೆ. ಯಾರ ಮಾತು ಕೇಳೋದು?
(ಹೆಸರು ಬೇಡ, ತಿಪಟೂರು)

ಉತ್ತರ: ಸದ್ಯಕ್ಕೆ ಅಮ್ಮನ ಮಾತು ಕೇಳಿ. ಆದ್ರೆ ಅಮ್ಮ ಹೇಳೋ ಕಾರಣಕ್ಕಲ್ಲ. ಬಾಯಿಗೆ ಕರೆಂಟ್ ಅನ್ನೋದೇ ಇಲ್ಲಿ ಭಯ ಪಡೋ ವಿಷ್ಯ ಅಲ್ಲ, ನಿಮ್ಮ ಪತ್ರದ ಕೊನೇಲಿ ಹೆಚ್ಚು ಕಮ್ಮಿ ಮರೆತು ಬರೆದ ಹಾಗೆ ಬಂದಿದೆಯಲ್ಲ, ಫಿಟ್ಸ್ ವಿಷ್ಯ, ಅದು ದೊಡ್ಡ ಕಾರಣ.

ನಿಮ್ಮ ಭಾವ ಕಳಿಸಿರೋದು ಬಹುಶಃ ಪಾನ್ಸ್ ಅನ್ನೋ ಮೆಷಿನ್ನಿನ ವಿಡಿಯೋ. ಕುತ್ತಿಗೆ ಸುತ್ತ ಒಂದು ಕಂಟ್ರೋಲರ್, ಅದ್ರಿಂದ ಬರೋ ಚಪ್ಪಟೆ ಮೌತ್‌ಪೀಸ್ ಒಂದು, ಅದ್ರ ಅಡಿಯಲ್ಲಿ ಚಿನ್ನದ ಲೇಪನದ 143 ಪುಟ್ಟ ಎಲೆಕ್ಟ್ರೋಡ್‌ಗಳು. ನಾಲಿಗೆ ಮೇಲಿಟ್ಟು ತುಟಿ ಮುಚ್ಚಿ ಹಿಡ್ಕೊಂಡು ಒಂದ್ಸಲಕ್ಕೆ 20 ನಿಮಿಷ ನಡಿಗೆ, ಬ್ಯಾಲೆನ್ಸ್ ಅಭ್ಯಾಸ ಮಾಡ್ಬೇಕು, ಒಟ್ಟು ಕೋರ್ಸ್ 14 ವಾರ. ನಾಲಿಗೆ ಮೇಲೆ ಗೋಲಿ ಸೋಡಾ ಬಿದ್ದ ಹಾಗೆ ಚುರುಚುರು ಅನ್ಸತ್ತೆ, ಅಷ್ಟೇ, ಶಾಕ್ ಹೊಡ್ದ ಹಾಗೇನೂ ಅಲ್ಲ.

ನಾಲಿಗೇನೇ ಯಾಕೆ ಅಂದ್ರೆ ಅಲ್ಲಿ ನರಗಳು ಒತ್ತೊತ್ತಾಗಿವೆ, ಕೈಕಾಲಿನ ಚರ್ಮದ ಹಾಗೆ ಮೇಲೆ ದಪ್ಪ ಒಣ ಪದರ ಇಲ್ಲ, ಜೊಲ್ಲು ಯಾವಾಗ್ಲೂ ಒದ್ದೆ ಇಟ್ಟಿರತ್ತೆ, ಹಾಗಾಗಿ ತೀರಾ ಕಮ್ಮಿ ಕರೆಂಟ್ ಸಾಕು. ನಾಲಿಗೆಯ ಸ್ಪರ್ಶದ ನರ, ರುಚಿಯ ನರ ಎರಡೂ ನೇರ ಮೆದುಳಿನ ಬುಡಕ್ಕೆ ಹೋಗ್ತವೆ, ಬ್ಯಾಲೆನ್ಸ್ ನೋಡ್ಕೊಳ್ಳೋ ಕೇಂದ್ರಗಳೂ ಅಲ್ಲೇ ಪಕ್ಕದಲ್ಲಿ. ಆ ಜಾಗವನ್ನ ಎಚ್ಚರ ಮಾಡಿಟ್ಟು ಅದೇ ಹೊತ್ತಲ್ಲಿ ನಡಿಗೆ ಕಲಿಸಿದ್ರೆ ಮೆದುಳು ಬೇಗ ಕಲಿಯತ್ತೆ ಅನ್ನೋದು ಇದನ್ನ ಮಾಡಿದವ್ರ ಊಹೆ. ಊಹೆ ಅಂತ ಬೇಕಂತಲೇ ಹೇಳ್ತಿದೀನಿ.

ಈಗ ಸೇಫ್ಟಿ. ಕರೆಂಟ್ ಮಟ್ಟಿಗೆ ಹೇಳೋದಾದ್ರೆ ಮೆಷಿನ್ನನ್ನ ಯೋಚ್ನೆ ಮಾಡಿ ಮಾಡಿದಾರೆ. ಇದು ಬ್ಯಾಟರಿಯಲ್ಲಿ ಓಡೋದು, ಗೋಡೆ ಪ್ಲಗ್ಗಿಗೆ ಸಂಬಂಧ ಇಲ್ಲ. ಒಂದೊಂದು ಪಲ್ಸೂ ಸೆಕೆಂಡಿನ ಲಕ್ಷದ ಕೆಲವು ಭಾಗದಷ್ಟು ಹೊತ್ತು ಮಾತ್ರ, ಮತ್ತೆ ಒಂದೇ ದಿಕ್ಕಿಗೆ ಕರೆಂಟ್ ಹರಿದು ನಿಲ್ಲದ ಹಾಗೆ ಸರಿದೂಗಿಸಿರ್ತಾರೆ. ಇದು ಮುಖ್ಯ, ಯಾಕಂದ್ರೆ ಒದ್ದೆ ಜಾಗದಲ್ಲಿ ಒಂದೇ ದಿಕ್ಕಿಗೆ ಕರೆಂಟ್ ಹರೀತಾ ಇದ್ರೆ ಎಲೆಕ್ಟ್ರೋಡ್ ಕೆಳಗೆ ರಾಸಾಯನಿಕ ಬದಲಾವಣೆ ಆಗಿ ನಾಲಿಗೆ ಸುಡತ್ತೆ. ಟ್ರಯಲ್‌ಗಳಲ್ಲಿ ಕಾಣಿಸಿದ್ದು ಹೆಚ್ಚಾಗಿ ಸಣ್ಣಪುಟ್ಟದ್ದು: ಜೊಲ್ಲು ಜಾಸ್ತಿ, ದವಡೆ ನೋವು, ಬಾಯಲ್ಲಿ ಲೋಹದ ರುಚಿ, ತಲೆನೋವು, ನಾಲಿಗೆ ಸ್ವಲ್ಪ ಉರಿ.

ಇಷ್ಟು ಓದಿ ಹಾಗಾದ್ರೆ ಸೇಫೇ ಅಲ್ವಾ ಅಂತ ನಿಮ್ಮ ಭಾವ ಫೋನ್ ಮಾಡ್ಬಹುದು, ಅದಕ್ಕೆ ಮುಂದಿಂದೂ ಓದಿ. ಆ ಟ್ರಯಲ್‌ಗಳಿಗೆ ಯಾರನ್ನ ಸೇರಿಸ್ಕೊಂಡ್ರು ಅನ್ನೋದರ ಮೇಲೆ ಸೇಫ್ಟಿ ನಿಂತಿದೆ. ಫಿಟ್ಸ್ ಕಾಯಿಲೆ ಇರೋರು ಬೇಡ, ಪೇಸ್‌ಮೇಕರ್ ತರದ ಒಳಗೆ ಕೂರಿಸಿದ ಸಾಧನ ಇರೋರು ಬೇಡ, ಬಿಪಿ ಶುಗರ್ ಹಿಡಿತದಲ್ಲಿ ಇಲ್ದೇ ಇರೋರು ಬೇಡ, ಬಾಯಲ್ಲಿ ಹುಣ್ಣು ಅಥವಾ ಆಪರೇಷನ್ ಗಾಯ ಇರೋರು ಬೇಡ, ಈಚೆಗೆ ಕ್ಯಾನ್ಸರ್ ಆದೋರು ಬೇಡ, ನಿಕ್ಕಲ್, ಚಿನ್ನ, ತಾಮ್ರ ಅಲರ್ಜಿ ಇರೋರು ಬೇಡ, ಹೀಗೆ ಜರಡಿ ಹಿಡಿದು ಉಳಿದವ್ರಿಗೆ ಕೊಟ್ಟು ನೋಡಿ ಸೇಫ್ ಅಂತ ಬರೆದಿರೋದು. ಸ್ಟ್ರೋಕ್ ಆದೋರ ಮನೆಗೆ ಬಂದು ನೋಡಿದ್ರೆ ಈ ಪಟ್ಟಿಯಲ್ಲಿ ಒಂದಲ್ಲ ಒಂದು ಇದ್ದೇ ಇರತ್ತೆ. ನಿಮ್ಮಪ್ಪನೋರಿಗೆ ಸ್ಟ್ರೋಕ್ ಆದ್ಮೇಲೆ ಫಿಟ್ಸ್ ಶುರುವಾಗಿ ಮಾತ್ರೆ ನಡೀತಿದೆ, ಅಂದ್ರೆ ಅವ್ರು ಆ ಜರಡಿಯಲ್ಲಿ ಕೆಳಗೆ ಇಳಿಯೋದೇ ಇಲ್ಲ. ಈ ಮೆಷಿನ್ನಿಂದ ಫಿಟ್ಸ್ ಬಂದೇ ಬರತ್ತೆ ಅಂತಲ್ಲ, ಫಿಟ್ಸ್ ಇರೋರ ಮೇಲೆ ನೋಡೇ ಇಲ್ಲ, ನೋಡದೇ ಇರೋ ಕಡೆ ನಿಮ್ಮಪ್ಪನೋರನ್ನ ಮೊದಲು ಕಳಿಸೋದು ಬೇಡ.

ಇನ್ನೊಂದು ಲೆಕ್ಕ ಹೇಳ್ತೀನಿ. ನೂರು ಜನಕ್ಕೆ ಕೊಟ್ಟು ಒಬ್ಬರಿಗೂ ದೊಡ್ಡ ತೊಂದ್ರೆ ಆಗ್ಲಿಲ್ಲ ಅಂದ್ರೆ ತೊಂದ್ರೆ ಸೊನ್ನೆ ಅಂತ ಅರ್ಥ ಅಲ್ಲ, ನೂರಕ್ಕೆ ಮೂರರವರೆಗೂ ಇರಬಹುದು, ನಮ್ಮ ನೂರರಲ್ಲಿ ಸಿಕ್ಕಿಲ್ಲ ಅಷ್ಟೇ, ಸಂಖ್ಯಾಶಾಸ್ತ್ರ ಓದಿದವ್ರಿಗೆ ಇದು ಗೊತ್ತು. ಸ್ಟ್ರೋಕ್ ಮೇಲೆ ಮೊದಮೊದಲು ನಡೆದ ಅಧ್ಯಯನಗಳು ಆ ನೂರನ್ನೂ ಮುಟ್ಟಿಲ್ಲ. 2017ರಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನ್‌ನಿಂದ ಬಂದ ಪೈಲಟ್ ಅಧ್ಯಯನ ತೀರಾ ಸಣ್ಣದು, ಬ್ಯಾಲೆನ್ಸ್ ಸುಧಾರಿಸಿದ್ದು ಕಂಡಿತ್ತು ನಿಜ, ಆದ್ರೆ ಅಷ್ಟು ಜನ ನಮ್ಮ ಬೀದಿಯ ಒಂದು ಟೀ ಅಂಗಡಿ ಮುಂದೆ ಬೆಳಿಗ್ಗೆ ನಿಂತಿರ್ತಾರೆ.

ಒಪ್ಪಿಗೆ ವಿಷ್ಯ. ಕೆನಡಾ ಸರ್ಕಾರ 2018ರಲ್ಲಿ ತಲೆಗೆ ಪೆಟ್ಟು ಬಿದ್ದು ಬ್ಯಾಲೆನ್ಸ್ ಹೋದೋರಿಗೆ, 2020ರಲ್ಲಿ ಮಲ್ಟಿಪಲ್ ಸ್ಕ್ಲೆರೋಸಿಸ್ (ಮೆದುಳು, ಬೆನ್ನುಹುರಿಯ ನರಗಳ ಹೊದಿಕೆ ಹಾಳಾಗೋ ಕಾಯಿಲೆ) ಇರೋರ ನಡಿಗೆಗೆ, 2023ರಲ್ಲಿ ಸ್ಟ್ರೋಕ್ ಆಗಿ ಸೌಮ್ಯದಿಂದ ಮಧ್ಯಮ ಲಕ್ಷಣ ಇರೋರ ನಡಿಗೆಗೆ ಅಂತ ಒಪ್ಪಿತು, ನಿಮ್ಮ ಭಾವ ಸುಳ್ಳು ಹೇಳಿಲ್ಲ. ಆದ್ರೆ ಆ ಒಪ್ಪಿಗೆಯ ಜೊತೆಗೇ ಥೆರಪಿಸ್ಟ್ ಮೇಲ್ವಿಚಾರಣೆಯ ವ್ಯಾಯಾಮದ ಜೊತೆ ಮಾತ್ರ ಅಂತ ಇದೆ, ಮೆಷಿನ್ ಒಂದನ್ನೇ ಸೂಟ್‌ಕೇಸಲ್ಲಿ ಹಾಕ್ಕೊಂಡು ಬರೋದಕ್ಕೆ ಅಲ್ಲ. ಔಷಧಿ, ವೈದ್ಯಕೀಯ ಸಾಧನಗಳಿಗೆ ಒಪ್ಪಿಗೆ ಕೊಡೋ ಅಮೆರಿಕದ ಸಂಸ್ಥೆ ಎಫ್‌ಡಿಎ ಇನ್ನೂ ಬಿಗಿ. ತಲೆಪೆಟ್ಟಿನವ್ರಿಗೆ ಅಂತ ಹೋದ ಅರ್ಜಿಯನ್ನ 2019ರಲ್ಲಿ ಒಪ್ಪಲಿಲ್ಲ, ಸುಧಾರಣೆ ಮೆಷಿನ್ನಿಂದ ಆಯ್ತಾ ಫಿಸಿಯೋಥೆರಪಿಯಿಂದ ಆಯ್ತಾ ಬಿಡಿಸಿ ಹೇಳೋಕೆ ನಿಮ್ಮ ಡೇಟಾ ಸಾಲ್ದು ಅಂದ್ರು. 2021ರ ಮಾರ್ಚಲ್ಲಿ ಒಪ್ಪಿದ್ದು ಮಲ್ಟಿಪಲ್ ಸ್ಕ್ಲೆರೋಸಿಸ್ ನಡಿಗೆಗೆ, ಅದೂ 22 ವರ್ಷ ಮೇಲ್ಪಟ್ಟೋರಿಗೆ, ಡಾಕ್ಟ್ರ ಚೀಟಿ ಇದ್ರೆ.

ಆ ಬಿಡಿಸಿ ಹೇಳೋ ಪ್ರಶ್ನೆನೇ ಇದರ ತಿರುಳು ಅಂತ ನನಗನ್ಸತ್ತೆ. ತಲೆಪೆಟ್ಟಿನ ದೊಡ್ಡ ಟ್ರಯಲ್ಲಿನಲ್ಲಿ 122 ಜನ ಇದ್ರು, ಒಂದು ಗುಂಪಿಗೆ ಪೂರ್ತಿ ಕರೆಂಟು, ಇನ್ನೊಂದು ಗುಂಪಿಗೆ ಹೆಸರಿಗೆ ಮಾತ್ರ ಅನ್ನೋಷ್ಟು ಕಮ್ಮಿ ಪಲ್ಸು, ಇಬ್ಬರಿಗೂ ಅದೇ ವ್ಯಾಯಾಮ. ಎರಡೂ ಗುಂಪು ಚೆನ್ನಾಗೇ ಸುಧಾರಿಸಿದ್ರು! ಎರಡರ ಮಧ್ಯೆ ಗಟ್ಟಿಯಾಗಿ ಹೇಳೋ ಅಂಥ ವ್ಯತ್ಯಾಸ ಸಿಗಲಿಲ್ಲ. ಕಂಪನಿಯವ್ರು ಕಮ್ಮಿ ಪಲ್ಸೂ ಸ್ವಲ್ಪ ಕೆಲ್ಸ ಮಾಡತ್ತೆ ಅದಕ್ಕೇ ಹಾಗೆ ಅಂತಾರೆ, ಇರಬಹುದು. ನನ್ನ ಹಾಗೆ ದಿನಾ ರೋಗಿಗಳನ್ನ ನಡೆಸೋರಿಗೆ ಕಾಣೋದು ಬೇರೆ, ವಾರಗಟ್ಟಲೆ ದಿನಾ ಬಿಡದೆ ಒಬ್ಬರು ಪಕ್ಕ ನಿಂತು ನಡೆಸಿದ್ರೆ ಬಾಯಲ್ಲಿ ಏನಿದ್ರೂ ಇಲ್ಲದಿದ್ರೂ ಜನ ಸುಧಾರಿಸ್ತಾರೆ.

ಈ ಮೆಷಿನ್ನಿನ ಮೂಲಕ್ಕೆ ಹೋದ್ರೂ ಇದೇ ಕಥೆ ಸಿಗತ್ತೆ. ಇದು ಹುಟ್ಟಿದ್ದು ಅಮೆರಿಕದ ವಿಸ್ಕಾನ್ಸಿನ್ ಯೂನಿವರ್ಸಿಟಿಯ ಲ್ಯಾಬಲ್ಲಿ, ಅಲ್ಲಿ ನಾಲಿಗೆ ಕೆಲ್ಸ ಶುರು ಮಾಡಿದ್ದು ಪಾಲ್ ಬಾಕ್-ಇ-ರೀಟಾ ಅನ್ನೋ ವೈದ್ಯ ವಿಜ್ಞಾನಿ, ಕುರುಡರಿಗೆ ಕ್ಯಾಮೆರಾ ಚಿತ್ರವನ್ನ ನಾಲಿಗೆ ಮೇಲೆ ಮೂಡಿಸಿ ತೋರಿಸಿದವ್ರು. ಅವರ ತಂದೆ ಪೆಡ್ರೋ ನ್ಯೂಯಾರ್ಕಿನ ಸಿಟಿ ಕಾಲೇಜಲ್ಲಿ ಮೇಷ್ಟ್ರು, 1959ರಲ್ಲಿ ದೊಡ್ಡ ಸ್ಟ್ರೋಕ್ ಆಗಿ ಮಾತೂ ಇಲ್ಲ ನಡಿಗೆನೂ ಇಲ್ಲ, ಡಾಕ್ಟ್ರುಗಳು ಕೈ ಚೆಲ್ಲಿದ್ರು. ಇನ್ನೊಬ್ಬ ಮಗ ಜಾರ್ಜ್ ಆಗ ಮೆಡಿಕಲ್ ಓದ್ತಿದ್ದ, ಅಪ್ಪನ್ನ ಮನೆಗೆ ಕರ್ಕೊಂಡು ಹೋಗಿ ಮಗು ಹಾಗೆ ಅಂಬೆಗಾಲಿಂದ ಶುರು ಮಾಡಿಸಿದ, ನೆಲದ ಮೇಲೆ ಗೋಲಿ ಆಡಿಸಿದ, ಪಾತ್ರೆ ತೊಳೆಸಿದ, ನೋಡಿದ ಅಕ್ಕಪಕ್ಕದವ್ರು ಮುದುಕನ್ನ ನಾಯಿ ಹಾಗೆ ನಡೆಸ್ತಿದಾನೆ ಅಂತ ಬೈಕೊಂಡ್ರಂತೆ. ಪೆಡ್ರೋ ವಾಪಸ್ ಪಾಠ ಮಾಡೋಕೆ ಹೋದ್ರು. 1965ರಲ್ಲಿ ಕೊಲಂಬಿಯಾದಲ್ಲಿ ಬೆಟ್ಟ ಹತ್ತುವಾಗ ಹೃದಯಾಘಾತ ಆಗಿ ತೀರ್ಕೊಂಡ್ರು, ಪೋಸ್ಟ್‌ಮಾರ್ಟಮ್ ಮಾಡಿ ನೋಡಿದ್ರೆ ಮೆದುಳಿನ ಆ ದೊಡ್ಡ ಗಾಯ ಹಾಗ್ಹಾಗೇ ಇತ್ತು, ಉಳಿದ ಭಾಗ ಕೆಲಸ ಕಲ್ತಿತ್ತು. ಆ ಮನೇಲಿ ಕರೆಂಟ್ ಮೆಷಿನ್ ಯಾವುದೂ ಇರಲಿಲ್ಲ.

ದುಡ್ಡಿನ ವಿಷ್ಯ ನೀವು ಕೇಳಿಲ್ಲ ಆದ್ರೂ ಹೇಳ್ತೀನಿ, 2022ರಲ್ಲಿ ಅಮೆರಿಕದ ಮಾರ್ಕೆಟ್ಟಿಗೆ ಬಂದಾಗ ಇದರ ಬೆಲೆ 25 ಸಾವಿರ ಡಾಲರ್ ದಾಟಿತ್ತು, ಮೌತ್‌ಪೀಸ್ ಒಂದು ಕೋರ್ಸಿಗೆ ಮಾತ್ರ. ಆ ದುಡ್ಡಲ್ಲಿ ತಿಪಟೂರಲ್ಲಿ ಮನೆಗೇ ಫಿಸಿಯೋಥೆರಪಿಸ್ಟ್ ಬಂದು ವರ್ಷಗಟ್ಟಲೆ ನಡೆಸಬಹುದು. ಎಂಟು ತಿಂಗಳಾಯ್ತು ಇನ್ನೇನೂ ಆಗಲ್ಲ ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡಿ, ವೇಗ ಕಮ್ಮಿ ಆಗತ್ತೆ, ನಿಲ್ಲಲ್ಲ. ತಿರುಗೋವಾಗ ವಾಲ್ತಾರೆ ಅಂದ್ರಲ್ಲ, ಅದನ್ನೇ ಫಿಸಿಯೋದವ್ರಿಗೆ ಹೇಳಿ, ತಿರುಗೋದನ್ನೇ ಬೇರೆಯಾಗಿ ಅಭ್ಯಾಸ ಮಾಡಿಸ್ತಾರೆ. ಪಾದ ಎಳೀತಿದ್ರೆ ಎಎಫ್ಒ ಅನ್ನೋ ಪಾದದ ಪಟ್ಟಿ ಬೇಕಾ ನೋಡ್ಸಿ, ಅದು ಸಾವಿರದ ಲೆಕ್ಕದಲ್ಲಿ ಮುಗಿಯೋ ವಸ್ತು. ಮತ್ತೆ ಬಿಪಿ, ಬಿಪಿ, ಬಿಪಿ. ಇನ್ನೊಂದು ಸ್ಟ್ರೋಕ್ ತಡೆಯೋದ್ರಲ್ಲಿ ಅದೇ ದೊಡ್ಡದು.

ಪ್ರಶ್ನೆ: ನಮ್ಮ ಮನೇಲಿ ಸೊಂಟ ನೋವಿಗೆ ಆನ್‌ಲೈನ್ ತರಿಸಿದ, ಪ್ಯಾಡ್ ಅಂಟಿಸಿ ಕರೆಂಟ್ ಕೊಡೋ ಟೆನ್ಸ್ ಮೆಷಿನ್ ಇದೆ. ನಮ್ಮ ದೊಡ್ಡಪ್ಪನಿಗೆ ಸ್ಟ್ರೋಕ್ ಆಗಿ ನಾಲಿಗೆ ಒಂದು ಕಡೆ ಎಳೆದಿದೆ. ಯೂಟ್ಯೂಬಲ್ಲಿ ಒಬ್ರು ನಾಲಿಗೆಗೆ ಕರೆಂಟ್ ಕೊಡೋದು ತೋರ್ಸಿದ್ರು. ಇದೇ ಮೆಷಿನ್ನಲ್ಲಿ ಕಮ್ಮಿ ಇಟ್ಟು ಕೊಟ್ರೆ ಆಗತ್ತಾ? ಎರಡೂ ಕರೆಂಟೇ ತಾನೇ?
(ಓದುಗ, ಹೊಸದುರ್ಗ)

ಉತ್ತರ: ಆಗಲ್ಲ, ದಯವಿಟ್ಟು ಮಾಡಬೇಡಿ. ಈ ಪತ್ರ ಓದಿ ನನಗೆ ಮೊದಲನೇದಕ್ಕಿಂತ ಜಾಸ್ತಿ ಗಾಬರಿ ಆಯ್ತು.

ಟೆನ್ಸ್ ಮೆಷಿನ್ ಒಣ ಚರ್ಮಕ್ಕೆ ಅಂತ ಮಾಡಿದ್ದು. ಚರ್ಮದ ತಡೆ ಜಾಸ್ತಿ, ಅದನ್ನ ದಾಟೋ ಹಾಗೆ ಅದರ ಶಕ್ತಿ ಇಟ್ಟಿರ್ತಾರೆ, ಪ್ಯಾಡ್ ಕೂಡ ಅಗಲ. ಬಾಯೊಳಗೆ ಆ ತಡೆ ಇಲ್ಲ, ನಾಬ್ ಒಂದು ಗೆರೆ ಜಾಸ್ತಿ ತಿರುಗಿದ್ರೂ ದವಡೆ ಗಕ್ಕಂತ ಕಚ್ಕೊಳ್ಳಬಹುದು, ಗಂಟಲ ಸ್ನಾಯು ಹಿಡ್ಕೊಂಡು ಉಸಿರಿಗೆ ತೊಂದ್ರೆ ಆಗಬಹುದು. ಪ್ಯಾಡ್ ಕಿತ್ಕೊಂಡು ಗಂಟಲಿಗೆ ಜಾರಿದ್ರೆ ಅದು ಬೇರೆ ಕಥೆ. ಸಸ್ತಾ ಮೆಷಿನ್‌ಗಳಲ್ಲಿ ಎರಡೂ ದಿಕ್ಕಿನ ಕರೆಂಟ್ ಸರಿದೂಗಿದೆಯಾ ಅಂತ ನೋಡೋರೂ ಇಲ್ಲ, ಸರಿದೂಗದಿದ್ರೆ ಒದ್ದೆ ನಾಲಿಗೆ ಸುಡತ್ತೆ. ಟೆನ್ಸ್ ಜೊತೆ ಬರೋ ಕಾಗದದಲ್ಲಿ ಬಾಯೊಳಗೆ ಇಡಬೇಡಿ, ಕುತ್ತಿಗೆ ಮುಂಭಾಗಕ್ಕೆ ಇಡಬೇಡಿ ಅಂತ ಅಚ್ಚು ಹಾಕಿರ್ತಾರೆ, ಅದನ್ನ ಬಿಸಾಕಿರ್ತೀರ, ಗೊತ್ತು.

ಇದರ ಮೇಲೆ ಸ್ಟ್ರೋಕ್ ಆದೋರ ಕಷ್ಟ ಬೇರೆ. ಮುಖದ ಒಂದು ಕಡೆ ಸ್ಪರ್ಶ ಹೋಗಿದ್ರೆ ಎಷ್ಟು ಕರೆಂಟ್ ಬರ್ತಿದೆ ಅಂತ ಅವ್ರಿಗೇ ಗೊತ್ತಾಗಲ್ಲ, ಗೊತ್ತಾದ್ರೂ ಮಾತು ಬರದೇ ಇದ್ರೆ ಸಾಕು ನಿಲ್ಸು ಅಂತ ಹೇಳೋಕಾಗಲ್ಲ. ನುಂಗೋಕೆ ತೊಂದ್ರೆ ಇದ್ರೆ ಜಾಸ್ತಿ ಬಂದ ಜೊಲ್ಲೇ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗಬಹುದು. ಅಕಸ್ಮಾತ್ ಅವ್ರಿಗೆ ಪೇಸ್‌ಮೇಕರ್ ಇದ್ರೆ ಹೇಳೋದೇ ಬೇಡ. ಹೃದಯದ ಬಡಿತದ ಏರುಪೇರಿಂದಲೇ ಎಷ್ಟೋ ಜನಕ್ಕೆ ಸ್ಟ್ರೋಕ್ ಆಗೋದು, ಪೇಸ್‌ಮೇಕರ್ ಹಾಕಿಸ್ಕೊಂಡೋರೂ ಇವ್ರಲ್ಲಿ ಇರ್ತಾರೆ.

ನಾಲಿಗೆ ಎಳೆದಿರೋದಕ್ಕೆ ಸ್ಪೀಚ್ ಥೆರಪಿಸ್ಟ್ ಹತ್ರ ಹೋಗಿ. ಚಮಚ ಅಡ್ಡ ಹಿಡಿದು ನಾಲಿಗೆಯಿಂದ ತಳ್ಳೋದು, ಕೆನ್ನೆ ಒಳಗೆ ತಿರುಗಿಸೋದು ಅಂತ ವ್ಯಾಯಾಮ ಕೊಡ್ತಾರೆ, ನೋಡೋಕೆ ಏನೂ ಇಲ್ಲ ಅನ್ಸತ್ತೆ, ಆದ್ರೆ ದಿನಾ ಮಾಡಿದ್ರೆ ನಾಲಿಗೆ ಬಲ ಬರತ್ತೆ. ಟೆನ್ಸ್ ನಿಮ್ಮ ಸೊಂಟಕ್ಕೇ ಇರಲಿ.

ಪ್ರಶ್ನೆ: ಅಕ್ಕಾ, ನಮ್ಮತ್ತೆಗೆ ಸ್ಟ್ರೋಕ್ ಆಗಿ ಮೂರು ವಾರ, ನೀರು ಕುಡಿದ್ರೆ ನೆತ್ತಿಗೆ ಹತ್ತತ್ತೆ, ಮೂಗಿನ ಪೈಪಲ್ಲೇ ಊಟ. ಇಲ್ಲೊಬ್ರು ಫಿಸಿಯೋದವ್ರು ಗಂಟಲಿಗೆ ಕರೆಂಟ್ ಕೊಟ್ರೆ ಬೇಗ ನುಂಗ್ತಾರೆ, ನಾಲಿಗೆಗೂ ಕೊಡಬಹುದು ಅಂದ್ರು. ಕೊಡಿಸ್ಲಾ?
(ಸೊಸೆ, ಶಿರಸಿ)

ಉತ್ತರ: ಇಲ್ಲಿ ಮೂರು ಬೇರೆ ಬೇರೆ ಕರೆಂಟ್ ಗೋಜಲಾಗಿದೆ. ನಾಲಿಗೆ ಮೇಲಿನ ಪಾನ್ಸ್ ನಡಿಗೆಗೆ, ನುಂಗೋದಕ್ಕಲ್ಲ. ಗಂಟಲಿನ ಹೊರಗಡೆ ಪ್ಯಾಡ್ ಅಂಟಿಸಿ ಕೊಡೋದು ಎರಡನೇದು, ಇದು ನಮ್ಮಲ್ಲೂ ಕೆಲವು ಕಡೆ ಇದೆ, ನಿಮಗೆ ಹೇಳಿದ್ದು ಇದೇ ಇರಬೇಕು. ಮೂಗಿಂದ ಸಣ್ಣ ನಳಿಕೆ ಇಳಿಸಿ ಗಂಟಲ ಒಳಗಿಂದ ದಿನಕ್ಕೆ 10 ನಿಮಿಷದ ಹಾಗೆ ಕೆಲವೇ ದಿನ ಕೊಡೋದು ಮೂರನೇದು. ಈ ಮೂರನೇದಕ್ಕೆ ಸ್ವಲ್ಪ ಗಟ್ಟಿ ಪುರಾವೆ ಇದೆ, ಆದ್ರೆ ಅದೂ ಒಂದು ಬಗೆಯ ರೋಗಿಗಳಿಗೆ. ಸ್ಟ್ರೋಕ್ ಆಗಿ ಕುತ್ತಿಗೆಯಲ್ಲಿ ತೂತು ಮಾಡಿ ಟ್ಯೂಬ್ ಹಾಕಿದ್ದ 69 ಜನರ ಮೇಲೆ ಯುರೋಪಿನಲ್ಲಿ ನಡೆದು 2018ರಲ್ಲಿ ಪ್ರಕಟವಾದ ಟ್ರಯಲ್ಲಿನಲ್ಲಿ ಕರೆಂಟ್ ಕೊಟ್ಟವ್ರಲ್ಲಿ ನೂರಕ್ಕೆ 49 ಜನ ಟ್ಯೂಬ್ ತೆಗೆಯೋ ಹಂತಕ್ಕೆ ಬಂದ್ರು, ಕೊಡದವ್ರಲ್ಲಿ 9. ಅದಕ್ಕೂ ಮೊದಲು 2016ರಲ್ಲಿ ಟ್ಯೂಬ್ ಇಲ್ಲದ ಸಾಮಾನ್ಯ ಸ್ಟ್ರೋಕ್ ರೋಗಿಗಳು 162 ಜನರ ಮೇಲೆ ಮಾಡಿದಾಗ ಏನೂ ಪ್ರಯೋಜನ ಕಾಣಲಿಲ್ಲ.

ಹೊರಗಡೆ ಪ್ಯಾಡಿನ ವಿಷ್ಯಕ್ಕೆ ಬಂದ್ರೆ ನನ್ನ ತಕರಾರು ಇಷ್ಟೇ. ನುಂಗೋವಾಗ ಗಂಟಲ ಮೂಳೆ ಮೇಲಕ್ಕೆ ಏಳಬೇಕು, ಪ್ಯಾಡಿನ ಕರೆಂಟು ಕೆಲವರಲ್ಲಿ ಅದನ್ನ ಕೆಳಗೆ ಎಳೆಯತ್ತೆ ಅಂತ 2007ರ ಒಂದು ಎಕ್ಸ್‌ರೇ ಅಧ್ಯಯನದಲ್ಲಿ ಕಂಡಿದೆ. ಅಂದ್ರೆ ಯಾರಿಗೆ ಎಲ್ಲಿ ಪ್ಯಾಡ್ ಅನ್ನೋದು ತಪ್ಪಿದ್ರೆ ಉಪಕಾರದ ಬದಲು ಇನ್ನೂ ನೆತ್ತಿಗೆ ಹತ್ತಬಹುದು. ಕತ್ತಿನ ಪಕ್ಕ ನಾಡಿ ಸಿಗೋ ಜಾಗದ ಮೇಲೆ ಕರೆಂಟ್ ಬಿದ್ರೆ ಬಿಪಿ, ಹೃದಯ ಬಡಿತ ಇಳೀಬಹುದು. ಹಾಗಾಗಿ ಇದನ್ನ ಮಾಡೋದಾದ್ರೆ ನುಂಗೋ ತೊಂದ್ರೆಯಲ್ಲಿ ತರಬೇತಿ ಆದ ಸ್ಪೀಚ್ ಥೆರಪಿಸ್ಟ್ ಮಾಡಬೇಕು, ಅದಕ್ಕೆ ಮೊದಲು ನುಂಗೋ ಪರೀಕ್ಷೆ ಆಗಿರಬೇಕು. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಿಂದ ಇರೋ ವಾಕ್ ಶ್ರವಣ ಸಂಸ್ಥೆ ಇಂಥ ತೊಂದ್ರೆಗೆ ಒಳ್ಳೆ ಜಾಗ. ಶಿರಸಿಯಿಂದ ದೂರ ಆಯ್ತು ಗೊತ್ತು, ಮಣಿಪಾಲ, ಹುಬ್ಬಳ್ಳಿ ಕಡೆ ದೊಡ್ಡ ಆಸ್ಪತ್ರೆಗಳಲ್ಲೂ ಸ್ಪೀಚ್ ಥೆರಪಿಸ್ಟ್ ಇರ್ತಾರೆ.

ಮೂರೇ ವಾರ ಆಗಿದೆ, ತುಂಬಾ ಜನಕ್ಕೆ ಮೊದಲ ಕೆಲವು ವಾರದಲ್ಲಿ ನುಂಗೋದು ತಾನಾಗೇ ವಾಪಸ್ ಬರತ್ತೆ. ಅಲ್ಲೀವರೆಗೂ ಪೈಪಲ್ಲಿ ಕೊಡೋವಾಗ ಪೂರ್ತಿ ಕೂರ್ಸಿ, ಕೊಟ್ಟಾದ್ಮೇಲೂ ಅರ್ಧ ಗಂಟೆ ಕೂತೇ ಇರಲಿ, ದಿನಕ್ಕೆ ಎರಡು ಮೂರು ಸಲ ಬಾಯಿ ಒಳಗೆ ಬ್ರಷ್ ಮಾಡಿ ಒರೆಸಿ, ಬಾಯಿಂದ ತಿನ್ನಲ್ಲ ಬ್ರಷ್ ಯಾಕೆ ಅಂತ ಬಿಡಬೇಡಿ, ಕೊಳೆ ಬಾಯಿಯ ಜೊಲ್ಲು ಇಳಿದ್ರೇ ನ್ಯುಮೋನಿಯಾ ಜಾಸ್ತಿ. ಪಾಪ ಆಸೆಯಿಂದ ಕೇಳ್ತಾರೆ ಅಂತ ಕದ್ದು ಕಾಫಿ ಕೊಡೋ ನೆಂಟರನ್ನ ಮಾತ್ರ ದೂರ ಇಡಿ, ತೆಳ್ಳಗಿರೋದೇ ಬೇಗ ನೆತ್ತಿಗೆ ಹತ್ತೋದು.

ಪ್ರಶ್ನೆ: ಯಾವುದಾದ್ರೂ ಸೆಂಟರಲ್ಲಿ ಇಂಥ ಹೊಸ ಮೆಷಿನ್ ಇದೆ ಅಂದ್ರೆ ಏನೇನು ಕೇಳಬೇಕು? ಒಂದೆರಡು ಮಾತಲ್ಲಿ ಹೇಳಿ.
(ಓದುಗರು, ದಾವಣಗೆರೆ)

ಉತ್ತರ: ಸಿಡಿಎಸ್‌ಸಿಒ (ಔಷಧಿ, ವೈದ್ಯಕೀಯ ಸಾಧನ ನೋಡ್ಕೊಳ್ಳೋ ಕೇಂದ್ರ ಸರ್ಕಾರದ ಸಂಸ್ಥೆ) ಲೈಸೆನ್ಸ್ ತೋರ್ಸಿ ಅನ್ನಿ, 2017ರ ವೈದ್ಯಕೀಯ ಸಾಧನ ನಿಯಮದ ಪ್ರಕಾರ ಹೊರದೇಶದಿಂದ ಬಂದ ಮೆಷಿನ್ನಿಗೂ ಅದು ಬೇಕು. ಲೈಸೆನ್ಸ್ ಯಾವ ಕಾಯಿಲೆಗೆ ಅಂತ ಓದಿ, ಬೇರೆ ಕಾಯಿಲೆಗೆ ಇದ್ರೆ ನಿಮ್ಮ ಮನೆಯವ್ರಿಗೆ ಯಾಕೆ ಕೊಡ್ತಿದೀರ ಅಂತ ಕೇಳಿ. ಇದು ಟ್ರಯಲ್ ಅಂದ್ರೆ ಎಥಿಕ್ಸ್ ಕಮಿಟಿ ಕಾಗದ ಇರತ್ತೆ, ಮತ್ತೆ ಟ್ರಯಲ್ಲಿಗೆ ರೋಗಿಯಿಂದ ದುಡ್ಡು ತಗೊಳ್ಳೋದಾದ್ರೆ ಎದ್ದು ಬನ್ನಿ. ಫಿಟ್ಸ್, ಪೇಸ್‌ಮೇಕರ್, ಬಾಯಿಹುಣ್ಣು, ನುಂಗೋ ತೊಂದ್ರೆ ಇದ್ಯಾ ಅಂತ ಅವ್ರೇ ಮೊದಲು ಕೇಳಿದ್ರಾ ನೋಡಿ. ಮೆಷಿನ್ ಇಲ್ದೆ ಬರೀ ಅದೇ ವ್ಯಾಯಾಮಕ್ಕೆ ಎಷ್ಟು ಫೀಸು ಅಂತಾನೂ ಕೇಳಿ, ಅದಕ್ಕೆ ಉತ್ರ ಕೊಡೋಕೆ ತಡವರಿಸಿದ್ರೆ ನಿಮಗೆ ಬೇಕಾದ ಉತ್ರ ಸಿಕ್ತು. ಜಿಲ್ಲಾ ಆಸ್ಪತ್ರೆಗಳಲ್ಲಿ ನಿಮ್ಹಾನ್ಸ್ ಜೊತೆ ಸೇರಿ ಸರ್ಕಾರ ಶುರು ಮಾಡಿರೋ ಬ್ರೈನ್ ಹೆಲ್ತ್ ಕ್ಲಿನಿಕ್‌ನಲ್ಲಿ ಒಮ್ಮೆ ತೋರ್ಸಿ, ಎರಡನೇ ಅಭಿಪ್ರಾಯ ತಗೊಂಡೇ ಹಣ ಕಟ್ಟಿ.